ಒಳಕಿವಿಯಲ್ಲಿ ‘ದುಡಿಯುವ’ ಜೀನು: ಅಭಿವ್ಯಕ್ತಿ, ದುರ್ಬಲ, ವಾಹಕ ಪದಗಳಿಗೆ ಬದಲಿ ಬೇಕಾಗಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳ ತಂದೆತಾಯಂದಿರಿಗಾಗಿ ಶಿರಸಿಯಲ್ಲಿ ನಾವು ಕೆಲವರು ಸೇರಿ ಒಂದು ಪುಟ್ಟ ಪುಸ್ತಿಕೆ ಸಿದ್ಧಪಡಿಸುತ್ತಿದ್ದೇವೆ. ಘಟ್ಟದ ಮೇಲೆ ಸಿದ್ದಾಪುರ, ಯಲ್ಲಾಪುರದ ಮನೆಗಳಿಗೂ ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದ ಮನೆಗಳಿಗೂ ಅದು ಹೋಗಬೇಕು. ಇಂಥ ಮಕ್ಕಳಿಗೆ ಮಾತು ಕಲಿಸುವ ಗೆಳತಿಯೊಬ್ಬಳು ವಿಷಯ ಒದಗಿಸುತ್ತಿದ್ದಾಳೆ, ಕನ್ನಡದ ಹೊಣೆ ನನ್ನದು. ಪುಸ್ತಿಕೆಯ ಒಂದು ಅಧ್ಯಾಯ ಜೀನು ಪರೀಕ್ಷೆಯ ವರದಿಯನ್ನು ಕುರಿತದ್ದು. ಆ ಅಧ್ಯಾಯದ ಪದಗಳ ಬಗ್ಗೆ ನಿಮ್ಮೆಲ್ಲರ ಸಲಹೆ ಬೇಕು.

ಕರಡಿನಲ್ಲಿದ್ದ ಒಂದು ವಾಕ್ಯ ಹೀಗಿದೆ: “ಒಳಕಿವಿಯಲ್ಲಿ ಅಭಿವ್ಯಕ್ತಗೊಳ್ಳುವ ಹಾಗೂ ಶ್ರವಣದೋಷಕ್ಕೆ ಸಂಬಂಧಿಸಿದ ಅಭ್ಯರ್ಥಿ ವಂಶವಾಹಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.” ವ್ಯಾಕರಣ ಸರಿಯಿದೆ, ವಿಜ್ಞಾನವೂ ಸರಿಯಿದೆ. ಆದರೆ ಓದಿಸಿ ನೋಡಿದಾಗ ಹೆಚ್ಚುಕಡಿಮೆ ಪ್ರತಿ ಪದವೂ ಜನರನ್ನು ಬೇರೆ ಎಲ್ಲಿಗೋ ಕರೆದೊಯ್ದಿತು. ಮಗುವಿನ ವರದಿಯನ್ನು ಕೈಯಲ್ಲಿ ಹಿಡಿದು ಕೂತ ತಾಯಿಗೆ ಪದದ ಅರ್ಥ ತಪ್ಪಿದರೆ ಅದರ ಭಾರ ಅವಳ ಮೇಲೇ ಬೀಳುತ್ತದೆ. ಅದಕ್ಕಾಗಿ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

‘ಅಭಿವ್ಯಕ್ತಿ’ಯಿಂದ ತೊಡಗುತ್ತೇನೆ. ಮಿಕ್ಕ ಪದಗಳ ಕೀಲೂ ಅಲ್ಲೇ ಇದೆ. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಜೀನುಗಳ (ಪಠ್ಯದ ‘ವಂಶವಾಹಿ’ಗಳ) ಕಟ್ಟು. ಪ್ರೋಟೀನು ತಯಾರಿಸುವ ಜೀನುಗಳೇ ಸುಮಾರು 20,000. ಪಿತ್ತಜನಕಾಂಗದ ಕೋಶದಲ್ಲಿ ಏನಿದೆಯೋ ಒಳಕಿವಿಯ ಕೋಶದಲ್ಲೂ ಅದೇ ಇದೆ. ಯಾವುದು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಎನ್ನುವುದರಲ್ಲಷ್ಟೇ ವ್ಯತ್ಯಾಸ. ಒಂದು ಜೀನು ಕೆಲಸಕ್ಕೆ ತೊಡಗಿತೆಂದರೆ ಅದರಲ್ಲಿ ಬರೆದದ್ದು ಆರ್‌ಎನ್‌ಎ ರೂಪದಲ್ಲಿ ನಕಲಾಗುತ್ತದೆ, ಆ ನಕಲನ್ನು ಓದಿ ಕೋಶ ಪ್ರೋಟೀನು ಕಟ್ಟುತ್ತದೆ. ಪಠ್ಯಪುಸ್ತಕಗಳು ಇದನ್ನು ‘ಅಭಿವ್ಯಕ್ತಿ’ ಎನ್ನುತ್ತವೆ. ಜನರ ಕಿವಿಯಲ್ಲಿ ಆ ಪದಕ್ಕೆ ಇರುವ ಜಾಗ ಬೇರೆ: ಅಭಿವ್ಯಕ್ತಿ ಸ್ವಾತಂತ್ರ್ಯ, ಭಾವಾಭಿವ್ಯಕ್ತಿ. ಒಳಗಿದ್ದದ್ದು ಹೊರಗೆ ಬರುವುದು ಎಂಬ ಅರ್ಥ. ಕರಡು ಓದಿದ ತಂದೆಯೊಬ್ಬರು ಕೇಳಿದ್ದು, “ಅಭಿವ್ಯಕ್ತ ಆಗಿದೆ ಅಂದ್ರೆ ಒಳಗಿದ್ದ ಕಾಯಿಲೆ ಹೊರಗೆ ಬಿತ್ತು ಅಂತಲೋ?” ಅರ್ಥ ಪೂರ್ತಿ ತಿರುಗಿಹೋಯಿತು. ಒಳಕಿವಿಯಲ್ಲಿ ಆ ಜೀನು ಕೆಲಸ ಮಾಡುತ್ತಿರುವುದರಿಂದಲೇ ನಮಗೆಲ್ಲ ಕೇಳುತ್ತದೆ. ಅದು ಕೆಲಸ ಮಾಡದಿದ್ದಾಗ ಅಥವಾ ಕೆಟ್ಟ ಪ್ರೋಟೀನು ತಯಾರಿಸಿದಾಗ ತೊಂದರೆ.

‘ಸಕ್ರಿಯ’ ಹಾಕೋಣ ಎಂದರು ಒಬ್ಬರು. ಕೋವಿಡ್ ಕಾಲದಲ್ಲಿ ದಿನವೂ ‘ಸಕ್ರಿಯ ಪ್ರಕರಣ’ಗಳ ಲೆಕ್ಕ ಕೇಳಿದ ಜನಕ್ಕೆ ಅದೂ ಕಾಯಿಲೆಯ ಪದವೇ ಆಗಿಬಿಟ್ಟಿದೆ. ‘ಚಾಲೂ’ ಎಂಬುದು ನಮ್ಮ ಎರಡೂ ಕಡೆ ಬಳಕೆಯಲ್ಲಿದೆ, ಮೋಟರು ಚಾಲೂ, ಪಂಪು ಚಾಲೂ. ಅದರಲ್ಲಿ ಇರುವುದು ಇದೆ–ಇಲ್ಲ ಎರಡೇ ಸ್ಥಿತಿ. ಜೀನು ಹಾಗಲ್ಲ. ಒಂದು ಕೋಶದಲ್ಲಿ ಬಹಳ, ಪಕ್ಕದ ಕೋಶದಲ್ಲಿ ಸ್ವಲ್ಪ, ಬಸಿರಿನ ಒಂದು ಹಂತದಲ್ಲಿ ಮಾತ್ರ, ಹೀಗೆಲ್ಲ ಇರುತ್ತದೆ. ಉದಾಹರಣೆಗೆ ಎಟಿಒಎಚ್1 ಎಂಬ ಜೀನು ಭ್ರೂಣದಲ್ಲಿ ಒಳಕಿವಿ ರೂಪುಗೊಳ್ಳುವಾಗ ಕೆಲಸ ಮಾಡದಿದ್ದರೆ ಸದ್ದು ಗ್ರಹಿಸುವ ಕೋಶಗಳೇ ಹುಟ್ಟುವುದಿಲ್ಲ. ಇಲಿಗಳಲ್ಲಿ ಇದು 1999ರಲ್ಲಿ ತಿಳಿಯಿತು.

ನನ್ನ ಒಲವು ‘ದುಡಿ’ಯ ಕಡೆಗಿದೆ. ಒಳಕಿವಿಯಲ್ಲಿ ದುಡಿಯುವ ಜೀನು, ಹೆಚ್ಚು ದುಡಿಯುವ ಜೀನು, ಬಸಿರಿನ ಕಾಲದಲ್ಲಷ್ಟೇ ದುಡಿಯುವ ಜೀನು. ಜಾಗ, ಕಾಲ, ಪ್ರಮಾಣ ಮೂರನ್ನೂ ಹೇಳಲು ಬರುತ್ತದೆ. ನಾಮಪದ ಬೇಕಾದಾಗ ‘ದುಡಿತ’. ‘ದುಡಿಮೆ’ ಎಂದರೆ ಸಂಪಾದನೆಯ ವಾಸನೆ ಬರುತ್ತದೆ, ಅದು ಬೇಡ. ಇದಕ್ಕೆ ಬಂದ ಆಕ್ಷೇಪವನ್ನೂ ಹೇಳಬೇಕು. ಜೀನು ತಾನಾಗಿ ದುಡಿಯುವುದಿಲ್ಲ, ಬೇರೆ ಪ್ರೋಟೀನುಗಳು ಬಂದು ಅದನ್ನು ಓದುತ್ತವೆ, ಕರ್ತೃತ್ವ ಜೀನಿನದಲ್ಲ ಎಂದು ಜೀವಶಾಸ್ತ್ರ ಕಲಿಸುವವರೊಬ್ಬರು ತಕರಾರು ತೆಗೆದರು. ಆಗ ಹೊನ್ನಾವರ ಕಡೆಯ ಹಿರಿಯರೊಬ್ಬರು ಯಕ್ಷಗಾನದಿಂದ ಒಂದು ದಾರಿ ತೋರಿಸಿದರು. ಪ್ರಸಂಗದ ಪುಸ್ತಕದಲ್ಲಿ ನೂರಾರು ಪದ್ಯಗಳಿವೆ. ಇವತ್ತಿನ ಆಟಕ್ಕೆ ಭಾಗವತರು ಯಾವ ಪದ್ಯ ಎತ್ತುತ್ತಾರೋ ಆ ಪದ್ಯ ಮಾತ್ರ ರಂಗಕ್ಕೆ ಬರುತ್ತದೆ, ಉಳಿದವು ಪುಸ್ತಕದಲ್ಲೇ ಇರುತ್ತವೆ. ಒಂದೇ ಪುಸ್ತಕ, ಮೇಳದಿಂದ ಮೇಳಕ್ಕೆ ಬೇರೆ ಬೇರೆ ಆಯ್ಕೆ. ವಿವರಣೆಗೆ ಇದಕ್ಕಿಂತ ಒಳ್ಳೆಯದು ನಮ್ಮ ಜಿಲ್ಲೆಯಲ್ಲಿ ಸಿಗಲಾರದು, ಪುಸ್ತಿಕೆಯಲ್ಲಿ ಹಾಕಿಯೇ ಹಾಕುತ್ತೇವೆ. ಆದರೆ ಅದನ್ನೇ ಪಾರಿಭಾಷಿಕ ಪದವಾಗಿಸಿ ‘ಎತ್ತುಗಡೆ’ ಎಂದರೆ ಹಳಿಯಾಳದ ಓದುಗರಿಗೆ ತಲುಪೀತೇ? ಅನುಮಾನ. ‘ದುಡಿತ’ಕ್ಕಿಂತ ಉತ್ತಮವಾದದ್ದು ಯಾರಲ್ಲಾದರೂ ಇದ್ದರೆ ದಯವಿಟ್ಟು ಹೇಳಿ.

ಒಳಕಿವಿಯ ಜೀನುಗಳನ್ನು ಹುಡುಕಿದ ಬಗೆ ತಿಳಿಯದೆ ‘ಅಭ್ಯರ್ಥಿ’ ಮತ್ತು ‘ಸಂಬಂಧ’ ಎಂಬ ಎರಡು ಪದಗಳ ತೊಡಕು ಅರ್ಥವಾಗುವುದಿಲ್ಲ, ಆದ್ದರಿಂದ ಅದನ್ನೂ ಬರೆಯುತ್ತೇನೆ. ಒಳಕಿವಿ ತಲೆಬುರುಡೆಯ ಅತ್ಯಂತ ಗಟ್ಟಿ ಮೂಳೆಯೊಳಗೆ ಹುದುಗಿದೆ. ಚರ್ಮದ ಚೂರು ತೆಗೆದು ನೋಡಿದಂತೆ ಬದುಕಿರುವವರ ಒಳಕಿವಿಯಿಂದ ಚೂರು ತೆಗೆದು ನೋಡುವಂತಿಲ್ಲ. ತೆಗೆದರೆ ಕೇಳುವ ಶಕ್ತಿಯೇ ಹೋಗುತ್ತದೆ. ಸದ್ದು ಗ್ರಹಿಸುವ ಕೋಶಗಳೂ ಬಹಳ ಕಡಿಮೆ. ಒಂದು ಕಿವಿಗೆ ಸುಮಾರು 15,000. ಅದರಲ್ಲಿ ಮೆದುಳಿಗೆ ಸುದ್ದಿ ಮುಟ್ಟಿಸುವ ಒಳಸಾಲಿನವು ಸುಮಾರು 3,500 ಮಾತ್ರ. ಸತ್ತರೆ ಹಕ್ಕಿಗಳಲ್ಲಿ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ.

ಹೀಗಾಗಿ ಹುಡುಕಾಟ ಎರಡು ದಾರಿಯಲ್ಲಿ ಸಾಗಿತು. ಕಿವುಡು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ದೊಡ್ಡ ಕುಟುಂಬಗಳಲ್ಲಿ ಅದರ ಜೊತೆಗೆ ವರ್ಣತಂತುವಿನ (ಜೀನುಗಳು ಸಾಲಾಗಿ ಕೂತಿರುವ ಎಳೆಯ) ಯಾವ ತುಂಡು ಇಳಿದುಬರುತ್ತಿದೆ ಎಂದು ನೋಡುವುದು ಒಂದು ದಾರಿ. ಕೋಸ್ಟರಿಕಾದ ಒಂದು ದೊಡ್ಡ ಮನೆತನ, ಬಾಲಿ ದ್ವೀಪದ ಬೆಂಗ್ಕಾಲ ಎಂಬ ಹಳ್ಳಿ ಈ ಬಗೆಯ ಹುಡುಕಾಟದಲ್ಲಿ ಹೆಸರಾದವು. ಬೆಂಗ್ಕಾಲದಲ್ಲಿ ಕಿವುಡರ ಸಂಖ್ಯೆ ಎಷ್ಟಿದೆಯೆಂದರೆ ಊರಿಗೇ ಸ್ವಂತದ್ದೊಂದು ಸನ್ನೆ ಭಾಷೆ ಬೆಳೆದಿದೆ, ಕೇಳಿಸುವವರೂ ಅದನ್ನು ಬಳಸುತ್ತಾರೆ. ಆದರೆ ಹೀಗೆ ಸಿಕ್ಕಿದ ತುಂಡಿನಲ್ಲಿ ಹತ್ತಾರು ಜೀನುಗಳಿರುತ್ತವೆ. ಅವುಗಳಲ್ಲಿ ಯಾವುದು? ಅಲ್ಲಿ ಎರಡನೆಯ ದಾರಿ ಬಂದು ಕೂಡಿತು: ಒಳಕಿವಿಯಲ್ಲಿ ಯಾವ ಜೀನು ದುಡಿಯುತ್ತಿದೆ ಎಂದು ನೋಡುವುದು. 1990ರ ದಶಕದಲ್ಲಿ ಬಾಸ್ಟನ್ನಿನ ಸಂಶೋಧಕರು ಮಾನವ ಭ್ರೂಣದ ಒಳಕಿವಿಯ ಆರ್‌ಎನ್‌ಎ ತೆಗೆದು, ಅದರ ಡಿಎನ್‌ಎ ಪ್ರತಿಗಳ ಭಂಡಾರವೊಂದನ್ನು ಕಟ್ಟಿದರು. ಬೇರೆ ಅಂಗಗಳಲ್ಲೂ ಸಾಮಾನ್ಯವಾಗಿ ಇರುವವನ್ನು ಕಳೆದು, ಒಳಕಿವಿಯಲ್ಲೇ ವಿಶೇಷವಾಗಿ ಇರುವವನ್ನು ಉಳಿಸಿಕೊಂಡರು. ಹಾಗೆ ಉಳಿದವುಗಳಲ್ಲಿ ಒಂದಕ್ಕೆ ಸಿಒಸಿಎಚ್ ಎಂಬ ಹೆಸರು ಬಂತು. 14ನೇ ವರ್ಣತಂತುವಿನ ಮೇಲೆ, ಅದಾಗಲೇ ಒಂದು ಬಗೆಯ ಕಿವುಡಿಗಾಗಿ ಗುರುತು ಹಾಕಿದ್ದ ಜಾಗದಲ್ಲೇ ಅದು ಇತ್ತು. 1998ರಲ್ಲಿ ಆ ಬಗೆಯ ಕಿವುಡಿದ್ದ ಕುಟುಂಬಗಳ ಕಿವುಡರಲ್ಲಿ ಅದೇ ಜೀನಿನ ಅಕ್ಷರ ಬದಲಾಗಿರುವುದು ಖಚಿತವಾಯಿತು. ಈ ಬಗೆಯವರು ಹುಟ್ಟುವಾಗ ಚೆನ್ನಾಗಿ ಕೇಳುತ್ತಾರೆ. ನಡುವಯಸ್ಸಿನ ಹೊತ್ತಿಗೆ ಕೇಳುವುದು ಕುಗ್ಗುತ್ತದೆ, ನಡಿಗೆಯ ಸಮತೋಲವೂ ತಪ್ಪುತ್ತದೆ. ಈಗ ಒಂದೊಂದೇ ಕೋಶವನ್ನು ಬಿಡಿಸಿ ಅದರ ಆರ್‌ಎನ್‌ಎ ಓದುವ ತಂತ್ರ ಬಂದಿರುವುದರಿಂದ ಯಾವ ಜೀನು ಯಾವ ಕೋಶದಲ್ಲಿ ಎಂಬಷ್ಟು ನಿಖರವಾಗಿ ಹೇಳಬಹುದು. ಒಳಕಿವಿಯ ವಿಷಯದಲ್ಲಿ ಅದರ ಬಹುಪಾಲು ಇಲಿಯ ಒಳಕಿವಿಯಿಂದ ತಿಳಿದದ್ದು.

(ಇಲಿಯ ಮಾತು ಬಂತು, ಒಂದು ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ. ಕಿವುಡಿನ ಎಷ್ಟೋ ಜೀನುಗಳು ಮೊದಲು ಸಿಕ್ಕಿದ್ದು ಗಿರಗಿರನೆ ಸುತ್ತುವ, ತಲೆ ಅಲ್ಲಾಡಿಸುವ ಇಲಿಗಳಿಂದ. ಸಾಕುವವರು ಅವಕ್ಕೆ ಶೇಕರ್, ವಾಲ್ಟ್ಸರ್ ಎಂದೆಲ್ಲ ಹೆಸರಿಟ್ಟಿದ್ದರು. ಕೇಳುವುದು, ಮೈಯ ಸಮತೋಲ ಎರಡೂ ಒಳಕಿವಿಯ ಕೆಲಸವಾದ್ದರಿಂದ ಒಂದು ಕೆಟ್ಟಲ್ಲಿ ಇನ್ನೊಂದೂ ಕೆಡಬಹುದು. ಮನುಷ್ಯರಲ್ಲಿ ಕಿವುಡಿನ ಜೊತೆ ದೃಷ್ಟಿಯನ್ನೂ ಕಳೆಯುವ ಅಶರ್ ಲಕ್ಷಣಕೂಟದ ಎಂವೈಒ7ಎ ಜೀನು ಶೇಕರ್ ಇಲಿಯ ಜೀನೇ ಎಂದು 1995ರಲ್ಲಿ ತಿಳಿಯಿತು.)

ಈಗ ಪದಕ್ಕೆ ಬರುತ್ತೇನೆ. ಎರಡು ದಾರಿ ಕೂಡುವ ಜಾಗದಲ್ಲಿ ನಿಂತಿರುವ, ಇನ್ನೂ ಸಾಬೀತಾಗದ ಜೀನನ್ನು ‘ಅಭ್ಯರ್ಥಿ ವಂಶವಾಹಿ’ ಎಂದು ಅನುವಾದಿಸಿದ್ದು ನೋಡಿದ್ದೇನೆ. ಅಭ್ಯರ್ಥಿ ಎಂದರೆ ತಾನಾಗಿ ಬೇಡಿ ಬಂದು ನಿಂತವನು, ಮತ ಕೇಳುವವನು. ಇಲ್ಲಿ ಬೇಕಾಗಿರುವುದು ನಾವು ಯಾರ ಮೇಲೆ ಬೆರಳು ತೋರಿಸುತ್ತಿದ್ದೇವೋ ಅವರನ್ನು ಸೂಚಿಸುವ ಪದ. ‘ಶಂಕಿತ ಜೀನು’ ಎನ್ನಬಹುದು, ‘ಗುಮಾನಿಯ ಜೀನು’ ಇನ್ನೂ ಹತ್ತಿರ. ವರದಿಗಳಲ್ಲಿ ಕಾಣುವ ‘ಅರ್ಥ ನಿಶ್ಚಯವಾಗದ ಬದಲಾವಣೆ’ ಎಂಬ ಷರಾವನ್ನು ವಿವರಿಸಲೂ ಗುಮಾನಿ ಒದಗುತ್ತದೆ: ಅಕ್ಷರ ಬದಲಾಗಿದೆ, ಅದರಿಂದಲೇ ಕಿವುಡು ಬಂದದ್ದೋ ಅಲ್ಲವೋ ಹೇಳಲು ಪುರಾವೆ ಸಾಲದು, ಗುಮಾನಿ ಮಾತ್ರ ಇದೆ.

‘ಸಂಬಂಧಿಸಿದ’ ಎಂಬುದರ ತೊಡಕು ಇದಕ್ಕಿಂತ ಆಳದ್ದು. ವರ್ಣತಂತುವಿನ ತುಂಡಿನ ಜೊತೆ ಕಿವುಡು ಇಳಿದುಬರುವುದಕ್ಕೂ ಸಂಬಂಧ, ಎರಡೂ ಒಟ್ಟಿಗೆ ಕಂಡುಬರುವುದಕ್ಕೂ ಸಂಬಂಧ, ಇದರಿಂದಲೇ ಅದು ಆಯಿತು ಎನ್ನುವುದಕ್ಕೂ ಸಂಬಂಧ. ಮೂರಕ್ಕೂ ಕನ್ನಡದಲ್ಲಿ ಒಂದೇ ಪದ ಸಾಲದು. ಮೇಲಾಗಿ ನಮ್ಮ ಕಡೆ ಸಂಬಂಧ ಎಂದರೆ ಮೊದಲು ನೆನಪಾಗುವುದು ಮದುವೆ. ಹಳೇ ಸಂಬಂಧ, ಹೊಸ ಸಂಬಂಧ, ಸಂಬಂಧದೊಳಗೆ ಕೊಟ್ಟದ್ದು. ಕಿವುಡಿನ ಪುಸ್ತಿಕೆಯಲ್ಲಿ, ಸೋದರಿಕೆಯ ಮದುವೆಯ ಪ್ರಸ್ತಾಪ ಬಂದೇ ಬರುವ ಪುಟದಲ್ಲಿ, ಈ ಪದವನ್ನು ಬೇರೆ ಅರ್ಥಕ್ಕೆ ಬಳಸಿದರೆ ಗೊಂದಲ ಖಂಡಿತ. ಖಚಿತವಾದ ಕಡೆ ‘ಕಾರಣ’, ಖಚಿತವಲ್ಲದ ಕಡೆ ‘ಜೊತೆಗೆ ಕಂಡುಬರುವ’ ಎಂದು ಬಿಡಿಸಿ ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಿವುಡಿಗೆ ಇರುವ ಪದಗಳಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ, ಒಪ್ಪದವರು ತಿದ್ದಲಿ. ಇಲಾಖೆಯ ಕನ್ನಡದಲ್ಲಿ ‘ಶ್ರವಣದೋಷ’ ನೆಲೆನಿಂತಿದೆ. ದೋಷ ಎಂಬ ಪದ ನಮ್ಮ ಮನೆಗಳಲ್ಲಿ ಖಾಲಿ ಕೂತಿಲ್ಲ. ನಾಗದೋಷ, ಕುಜದೋಷ, ಪಿತೃದೋಷ ಎಂದು ಕೇಳಿ ಬೆಳೆದವರು ಶ್ರವಣದೋಷವನ್ನೂ ಅದೇ ಸಾಲಿಗೆ ಸೇರಿಸಿ, ಗೋಕರ್ಣಕ್ಕೆ ಹೋಗಿ ಏನಾದರೂ ಮಾಡಿಸಬೇಕೋ ಎಂದು ಕೇಳುತ್ತಾರೆ. ಅವರ ನಂಬಿಕೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಮಾತು ಕಲಿಯುವ ಮೊದಲ ಎರಡು ಮೂರು ವರ್ಷ ಮಗುವಿಗೆ ಮತ್ತೆ ಸಿಗುವುದಿಲ್ಲ, ಪದದ ದೆಸೆಯಿಂದ ಅದು ತಡವಾಗಬಾರದು ಎಂಬುದಷ್ಟೇ ಚಿಂತೆ. ‘ಕೆಪ್ಪ’, ‘ಕೆಪ್ಪಿ’ ಘಟ್ಟದ ಮೇಲೂ ಕೆಳಗೂ ಇವೆ, ಆದರೆ ಬೈಗುಳಾಗಿಬಿಟ್ಟಿವೆ. ‘ಕಿವುಡು’ ಹಾಗಲ್ಲ. ಅದು ಕಿವಿಯಿಂದಲೇ ಹುಟ್ಟಿದ ಪದ. ನಮ್ಮ ಕಿವಿ–ಕಿವುಡಿನ ಹಾಗೆ ತಮಿಳಿನಲ್ಲಿ ಚೆವಿ–ಚೆವಿಡು, ತೆಲುಗಿನಲ್ಲಿ ಚೆವಿ–ಚೆವುಡು. ಅವರಲ್ಲಿ ಚಕಾರಕ್ಕೆ ತಿರುಗಿದ ಹಳೆಯ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ. 12ನೇ ಶತಮಾನದ ಬಸವಣ್ಣನವರ ವಚನದಲ್ಲಿ ‘ಕಿವುಡ’ ಇದೆ, ಇಂದಿಗೂ ಅದೇ ಅರ್ಥದಲ್ಲಿ ಬದುಕಿದೆ. ಸನ್ನೆ ಭಾಷೆ ಬಳಸುವ ಸಮುದಾಯದವರಲ್ಲಿ ಅನೇಕರು ತಮ್ಮನ್ನು ಕಿವುಡರೆಂದೇ ಕರೆದುಕೊಳ್ಳುತ್ತಾರೆ, ದೋಷವುಳ್ಳವರೆಂದು ಕರೆಸಿಕೊಳ್ಳಲು ಅವರಿಗೆ ಇಷ್ಟವಿಲ್ಲ. ಪೂರ್ತಿ ಕೇಳದ್ದಕ್ಕೆ ಕಿವುಡು, ಅರೆಬರೆ ಕೇಳುವುದಕ್ಕೆ ‘ಕಿವಿಮಂದ’ ಎಂದು ಇಟ್ಟುಕೊಳ್ಳಬಹುದೇ? ಕಾನೂನು ಕೂಡ ಇವೆರಡನ್ನು ಬೇರೆ ಮಾಡುತ್ತದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಾದವರದು ಒಂದು ವರ್ಗ, 60ರಿಂದ 70ರ ನಡುವಿನವರದು ಇನ್ನೊಂದು.

ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತಿರುವುದು ‘ವಂಶವಾಹಿ’, ‘ದುರ್ಬಲ’, ‘ವಾಹಕ’ ಎಂಬ ಮೂರು ಪದಗಳು. ಇಲ್ಲಿ ಜಿಜೆಬಿ2 ಎಂಬ ಜೀನಿನ ಕತೆ ಹೇಳಬೇಕು.

ಜಿಜೆಬಿ2 ತಯಾರಿಸುವ ಪ್ರೋಟೀನಿನ ಹೆಸರು ಕನೆಕ್ಸಿನ್ 26. ಒಳಕಿವಿಯಲ್ಲಿ ಸದ್ದು ಗ್ರಹಿಸುವ ಕೋಶಗಳಿಗೆ ಆಸರೆಯಾಗಿ ನಿಂತ ಕೋಶಗಳಿವೆ. ಅಕ್ಕಪಕ್ಕದ ಎರಡು ಆಸರೆಕೋಶಗಳ ನಡುವೆ ಕನೆಕ್ಸಿನ್‌ನಿಂದ ಕಿಂಡಿಗಳಾಗುತ್ತವೆ, ಪೊಟ್ಯಾಸಿಯಂ ಮುಂತಾದವು ಆ ಕಿಂಡಿಗಳಿಂದ ಹಾದುಹೋಗುತ್ತವೆ. ಕಿಂಡಿ ಸರಿಯಾಗದಿದ್ದರೆ ಒಳಕಿವಿ ಕೆಲಸ ಮಾಡುವುದಿಲ್ಲ. ಈ ಜೀನಿಗೂ ಹುಟ್ಟುಗಿವುಡಿಗೂ ಇರುವ ನಂಟು 1997ರಲ್ಲಿ ಬೆಳಕಿಗೆ ಬಂತು. ಜಗತ್ತಿನ ಎಷ್ಟೋ ದೇಶಗಳಲ್ಲಿ ಹುಟ್ಟುಗಿವುಡಿಗೆ ಕಾರಣವಾಗುವ ಜೀನುಗಳಲ್ಲಿ ಇದೇ ಮುಂದಿದೆ. ಯೂರೋಪಿನವರಲ್ಲಿ ಒಂದು ಬಗೆಯ ಬದಲಾವಣೆ ಹೆಚ್ಚು, ಚೀನಾ ಜಪಾನಿನವರಲ್ಲಿ ಇನ್ನೊಂದು. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಪ್ರೋಟೀನಿನ 24ನೇ ಜಾಗದಲ್ಲೇ ನಿಲ್ಲಿಸು ಎಂಬ ಸೂಚನೆ ಬಂದುಬಿಡುವ ಬದಲಾವಣೆ. ಪ್ರೋಟೀನು ಅರ್ಧ ದಾರಿಗೂ ಮುಟ್ಟದೆ ನಿಂತುಹೋಗುತ್ತದೆ.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಸರಿಯಿದ್ದರೆ ಸಾಕು, ಕಿವಿ ಚೆನ್ನಾಗಿ ಕೇಳುತ್ತದೆ. ಎರಡೂ ಕೆಟ್ಟರೆ ಮಾತ್ರ ಕಿವುಡು. ಆದ್ದರಿಂದ ಇಬ್ಬರೂ ಕೇಳಬಲ್ಲ ತಂದೆತಾಯಿಗೆ, ಅಜ್ಜ ಅಜ್ಜಿ ಎಲ್ಲರೂ ಕೇಳಬಲ್ಲ ಮನೆಯಲ್ಲಿ ಕಿವುಡು ಮಗು ಹುಟ್ಟುತ್ತದೆ. ಬೇರೆ ಲಕ್ಷಣಗಳಿಲ್ಲದ, ಜೀನಿನಿಂದ ಬಂದ ಹುಟ್ಟುಗಿವುಡಿನ ಬಹುಪಾಲು ಹೀಗೆ ಬರುವಂಥದು. ಈಗ ಆ ತಾಯಿಗೆ “ಇದು ವಂಶವಾಹಿಯಿಂದ ಬಂದದ್ದು” ಎಂದು ಓದಿ ಹೇಳಿ. ಅವಳು ಕೇಳಿಸಿಕೊಳ್ಳುವುದು ‘ವಂಶ’ ಎಂಬ ಎರಡಕ್ಷರ. ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಅತ್ತೆ ಅಂದದ್ದು, “ಯಂಗಳ ಮನೆ ಬದಿಗೆ ಯಾರೂ ಕೆಪ್ಪರಿಲ್ಲೆ.” ಅದರ ಅರ್ಥ ಸೊಸೆಗೆ ಗೊತ್ತು. ಸೊಸೆಯ ತವರಿನಲ್ಲೂ ಯಾರೂ ಇರಲಿಲ್ಲ, ಆದರೆ ಅದನ್ನು ಯಾರೂ ಕೇಳಲಿಲ್ಲ.

ಪುಸ್ತಿಕೆಯಲ್ಲಿ ವಂಶವಾಹಿ ಬಿಟ್ಟು ‘ಜೀನು’ ಎಂದೇ ಬರೆಯಬೇಕೆಂದು ನಾವು ನಿರ್ಧರಿಸಿದ್ದು ಇದಕ್ಕಾಗಿ. ಜೀನು ಈಗ ಕನ್ನಡದಲ್ಲಿ ಹೊಸತಲ್ಲ, ಅದಕ್ಕೆ ಯಾವ ಮನೆತನದ ಹಂಗೂ ಇಲ್ಲ. ವಂಶವಾಹಿ ಸುಂದರವಾದ ಪದ, ಪಠ್ಯದಲ್ಲಿ ಇರಲಿ. ಈ ಪುಸ್ತಿಕೆಯಲ್ಲಿ ಬೇಡ ಎಂಬುದಷ್ಟೇ ನನ್ನ ಮಾತು.

‘ದುರ್ಬಲ’ ಪಠ್ಯದ ಪ್ರಬಲ–ದುರ್ಬಲ ಜೋಡಿಯಿಂದ ಬಂದದ್ದು. ಎರಡೂ ಪ್ರತಿ ಕೆಟ್ಟಾಗ ಮಾತ್ರ ತೋರುವ ಗುಣಕ್ಕೆ ಆ ಹೆಸರು. “ದುರ್ಬಲ ವಂಶವಾಹಿ” ಎಂದು ಓದಿದ ತಂದೆತಾಯಿ ತಮ್ಮ ಮೈಯಲ್ಲೇ ಏನೋ ನಿತ್ರಾಣವಿದೆ ಎಂದುಕೊಳ್ಳುತ್ತಾರೆ. ಟಾನಿಕ್ ಕುಡಿಯಬೇಕೋ ಎಂದು ಕೇಳಿದವರೂ ಇದ್ದಾರೆ. ‘ಸುಪ್ತ’ ಎಂದರೆ ಮಲಗಿದ್ದದ್ದು ನಾಳೆ ಎದ್ದು ತಂದೆಗೂ ಕಿವುಡು ಬರಬಹುದೇ ಎಂಬ ಭಯ. ನನಗೆ ತೋಚಿದ್ದು ಹೆಸರಿನ ಗೋಜಿಗೇ ಹೋಗದೆ ‘ಒಂದು ಕೆಟ್ಟರೂ ಬರುವ’ ಮತ್ತು ‘ಎರಡೂ ಕೆಟ್ಟರೆ ಬರುವ’ ಎಂದು ಬರೆಯುವುದು. ವರದಿಗಳಲ್ಲಿ ಡಿಎಫ್‌ಎನ್‌ಎ ಎಂದು ಶುರುವಾದರೆ ಮೊದಲನೆಯದು, ಡಿಎಫ್‌ಎನ್‌ಬಿ ಎಂದಾದರೆ ಎರಡನೆಯದು. ಮುಂದಿನ ಅಂಕಿ ಗುರುತು ಸಿಕ್ಕ ಕ್ರಮದ್ದು.

ಇನ್ನು ‘ವಾಹಕ’. ಒಂದು ಪ್ರತಿ ಮಾತ್ರ ಕೆಟ್ಟಿರುವ, ತಾವು ಚೆನ್ನಾಗಿ ಕೇಳುವ ತಂದೆತಾಯಿಗೆ ಈ ಪದ ಬಳಸುತ್ತಾರೆ. ನಮ್ಮ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ಭಯ ಪ್ರತಿ ಬೇಸಿಗೆಗೂ ಇದೆ. ಅಲ್ಲಿ ರೋಗವಾಹಕ ಎಂದರೆ ಉಣುಗು. ಮಲೇರಿಯಾ ಡೆಂಗಿಯಲ್ಲಿ ಸೊಳ್ಳೆ. ಆರೋಗ್ಯ ಇಲಾಖೆಯ ಭಿತ್ತಿಪತ್ರದಲ್ಲಿ ಉಣುಗಿಗೂ ಸೊಳ್ಳೆಗೂ ಇರುವ ಹೆಸರನ್ನು ಒಬ್ಬ ತಾಯಿಗೆ ಇಡುವುದು ಹೇಗೆ? ಕಿವುಡು ಅಂಟುರೋಗ ಎಂಬ ತಪ್ಪು ತಿಳಿವೂ ಇದರಿಂದ ಹುಟ್ಟುತ್ತದೆ. ‘ಒಂದು ಪ್ರತಿ ಕೆಟ್ಟವರು’ ಎಂದು ಬರೆದರೆ ‘ಕೆಟ್ಟವರು’ ಎದ್ದು ಕಾಣುತ್ತದೆ, ಅದೂ ಆಗದು. ‘ಒಂದು ಪ್ರತಿಯಲ್ಲಿ ಬದಲಾವಣೆ ಇರುವವರು’ ಉದ್ದವಾಯಿತು, ಆದರೆ ಈಗ ಅದನ್ನೇ ಇಟ್ಟಿದ್ದೇವೆ. ಚಿಕ್ಕದಾದ, ಯಾರನ್ನೂ ಚುಚ್ಚದ ಒಂದು ಪದ ನನಗೆ ತುರ್ತಾಗಿ ಬೇಕಾಗಿರುವುದು ಇಲ್ಲಿ.

ಇದೇ ಪುಟದ ‘ನಾಲ್ಕರಲ್ಲಿ ಒಂದು’ ಎಂಬ ಮಾತನ್ನೂ ನೋಡಿ. ಇಬ್ಬರಲ್ಲೂ ಒಂದೊಂದು ಪ್ರತಿ ಬದಲಾಗಿದ್ದರೆ ಮಗು ಕಿವುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕರಡಿನಲ್ಲಿ “ನಾಲ್ಕು ಮಕ್ಕಳಲ್ಲಿ ಒಂದಕ್ಕೆ” ಎಂದಿತ್ತು. ಒಂದು ಆಯಿತಲ್ಲ, ಇನ್ನು ಮೂವರಿಗೆ ಭಯವಿಲ್ಲ ಎಂದು ಓದಿದವರು ಲೆಕ್ಕ ಹಾಕಿದರು. “ಪ್ರತಿ ಬಸಿರಿನಲ್ಲೂ ಹೊಸದಾಗಿ ನಾಲ್ಕರಲ್ಲಿ ಒಂದು” ಎಂದು ತಿದ್ದಿದ್ದೇವೆ. ಸೋದರಿಕೆಯಲ್ಲಿ ಮದುವೆಯಾದಾಗ ಇಬ್ಬರಿಗೂ ಒಬ್ಬರೇ ಹಿರಿಯರಿಂದ ಅದೇ ಪ್ರತಿ ಬಂದಿರುವ ಸಾಧ್ಯತೆ ಹೆಚ್ಚು, ಅದನ್ನು ಮುಚ್ಚಿಡದೆ ಬರೆದಿದ್ದೇವೆ. ಸಂಬಂಧವೇ ಇಲ್ಲದವರ ಮಕ್ಕಳಲ್ಲೂ ಹೀಗಾಗುತ್ತದೆ ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ.

ಇಲ್ಲಿ ‘ಹುಟ್ಟುಗಿವುಡು’ ಮತ್ತು ‘ಆನುವಂಶಿಕ ಕಿವುಡು’ ಒಂದೇ ಅಲ್ಲ ಎಂಬುದೂ ಭಾಷೆಯಲ್ಲಿ ಕಾಣಬೇಕು. ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಬಂದರೆ, ಹುಟ್ಟಿದ ಮಗುವಿಗೆ ಕಾಮಾಲೆ ವಿಪರೀತವಾದರೆ ಜೀನು ಸರಿಯಿದ್ದೂ ಕಿವುಡಾಗಬಹುದು. ಜೀನು ಬದಲಾಗಿದ್ದೂ ನಡುವಯಸ್ಸಿನವರೆಗೆ ಕೇಳಬಹುದು, ಮೇಲೆ ಹೇಳಿದ ಸಿಒಸಿಎಚ್ ಹಾಗೆ. ಮೂರನೆಯದೊಂದಿದೆ: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಜೀನಿನಲ್ಲಿ ಒಂದು ಬದಲಾವಣೆ, 1993ರಲ್ಲಿ ತಿಳಿದದ್ದು. ಅದು ಇರುವವರಿಗೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಬಗೆಯ ಚುಚ್ಚುಮದ್ದು ಬಿದ್ದರೆ ಸಾಮಾನ್ಯ ಪ್ರಮಾಣದಲ್ಲೇ ಕಿವಿ ಹೋಗಬಹುದು. ಅದು ಇಳಿದುಬರುವುದು ತಾಯಿಯಿಂದ ಮಾತ್ರ. ಮನೆಯಲ್ಲಿ ಮದ್ದಿನಿಂದ ಕಿವಿ ಹೋದವರಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು ಎಂಬುದು ಈ ಇಡೀ ಅಧ್ಯಾಯದಲ್ಲೇ ಕೂಡಲೇ ಉಪಯೋಗಕ್ಕೆ ಬರುವ ಸಾಲು. ತಾಯಿಯನ್ನು ದೂರದೆ ಅದನ್ನು ಬರೆಯುವುದು ಕಷ್ಟವಾಗುತ್ತಿದೆ. “ತಾಯಿಯ ಕಡೆಯ ಎಲ್ಲರೂ ಎಚ್ಚರ ವಹಿಸಿದರೆ ತಪ್ಪಿಸಬಹುದು” ಎಂದು ಸದ್ಯ ಬರೆದಿದೆ.

ಒಳಕಿವಿಯ ಭಾಗಗಳ ಹೆಸರಲ್ಲಿ ನನಗೆ ಹೆಚ್ಚು ಚಿಂತೆಯಿಲ್ಲ. ಒಳಕಿವಿಯಲ್ಲಿ ಸದ್ದು ಗ್ರಹಿಸುವ ಭಾಗವಾದ, ಎರಡೂವರೆ ಸುತ್ತಿನ ಕಾಕ್ಲಿಯಾಕ್ಕೆ ‘ಕರ್ಣಶಂಖ’ ಒಪ್ಪುವಂತಿದೆ, ಆದರೆ ಆಯುರ್ವೇದದಲ್ಲಿ ಶಂಖವೆಂದರೆ ಕಣತಲೆ, ಅದೇ ಮೂಳೆಯೊಳಗೇ ಕಾಕ್ಲಿಯಾ ಇರುವುದು, ಆದ್ದರಿಂದ ತಿಳಿದವರಿಗೇ ಗೊಂದಲ. ಕಾಕ್ಲಿಯಾ ಎಂದೇ ಇರಲಿ. ಸದ್ದು ಗ್ರಹಿಸುವ ಕೋಶಕ್ಕೆ ಪಠ್ಯದಲ್ಲಿರುವ ‘ರೋಮಕೋಶ’ ಓದಿದವರು ಕಿವಿಯ ಹೊರಗೆ ಬೆಳೆಯುವ ಕೂದಲನ್ನು ನೆನೆಯುತ್ತಾರೆ. ಕೋಶದ ತುದಿಯಲ್ಲಿರುವುದು ಕೂದಲಲ್ಲ, ಸಾಲಾಗಿ ಎತ್ತರ ತಗ್ಗಾಗಿ ನಿಂತ ಸೂಕ್ಷ್ಮ ಕಡ್ಡಿಗಳ ಗೊಂಚಲು. ‘ಕುಚ್ಚುಕೋಶ’ ಎಂದರೆ ಹೇಗೆ?

ಕಡೆಯದಾಗಿ ‘ಕಿವುಡಿನ ಜೀನು’ ಎಂಬ ಏಕವಚನ. ಇದನ್ನು ಬಿಡಲೇಬೇಕು ಎಂದು ನನ್ನ ಒತ್ತಾಯ. ಬೇರೆ ಲಕ್ಷಣಗಳಿಲ್ಲದ ಕಿವುಡಿಗೇ ನೂರಕ್ಕೂ ಹೆಚ್ಚು ಜೀನುಗಳು ತಿಳಿದಿವೆ, ಒಂದೊಂದರ ಕೆಲಸವೂ ಬೇರೆ. ಓಟೋಫೆರ್ಲಿನ್ ಜೀನನ್ನೇ ನೋಡಿ. ಅದು ಒಳಸಾಲಿನ ಕೋಶದಿಂದ ನರಕ್ಕೆ ಸುದ್ದಿ ದಾಟಿಸುವ ಕೆಲಸದ್ದು. ಅದು ಕೆಟ್ಟಾಗ ಹೊರಸಾಲಿನ ಕೋಶಗಳು ಸರಿಯಾಗಿಯೇ ಇರುತ್ತವೆ. ಹುಟ್ಟಿದ ಮಗುವಿನ ಕಿವಿಗೆ ಪುಟ್ಟ ಮೊಳೆಯಂಥ ಉಪಕರಣ ಇಟ್ಟು ಮಾಡುವ ಓಎಇ ಪರೀಕ್ಷೆ ನೋಡುವುದು ಈ ಹೊರಸಾಲನ್ನು ಮಾತ್ರ. ಆದ್ದರಿಂದ ಮಗು ‘ಪಾಸ್’ ಆಗುತ್ತದೆ, ಮನೆಯವರು ಕಿವಿ ಚೆನ್ನಾಗಿದೆ ಎಂದುಕೊಳ್ಳುತ್ತಾರೆ, ಆದರೆ ಮಗುವಿಗೆ ಕೇಳುತ್ತಿರುವುದಿಲ್ಲ. ನರದ ಸ್ಪಂದನ ನೋಡುವ ಬೆರಾ ಪರೀಕ್ಷೆಯಲ್ಲಷ್ಟೇ ಅದು ಗೊತ್ತಾಗುತ್ತದೆ. ‘ಪಾಸ್’ ಬದಲು ‘ಈ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ’ ಎಂದು ಬರೆಯಿರಿ ಎಂದು ಗೆಳತಿ ಹೇಳಿದ್ದು ಈ ಕಾರಣಕ್ಕೆ, ನನಗೆ ಪೂರ್ಣ ಒಪ್ಪಿಗೆ. 2024ರ ಆರಂಭದಲ್ಲಿ ಶಾಂಘೈಯಿಂದ ಬಂದ ಸುದ್ದಿಯೂ ಇದೇ ಜೀನಿನದು: ಸರಿಯಾದ ಪ್ರತಿಯನ್ನು ಒಳಕಿವಿಗೆ ಸೇರಿಸಿದಾಗ ಆರು ಮಕ್ಕಳಲ್ಲಿ ಐವರಿಗೆ ಕೇಳತೊಡಗಿತು. ಪತ್ರಿಕೆಗಳು “ಕಿವುಡಿನ ಜೀನಿಗೆ ಚಿಕಿತ್ಸೆ” ಎಂದು ಬರೆದರೆ ಜಿಜೆಬಿ2ರಿಂದ ಕಿವುಡಾದ ಮಗುವಿನ ತಂದೆಯೂ ಅದನ್ನೇ ನಂಬಿ ಕಾಯುತ್ತಾನೆ. ಅವನ ಮಗುವಿಗೆ ಈಗ ಬೇಕಾಗಿರುವುದು ಶ್ರವಣಯಂತ್ರ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಮತ್ತು ಮಾತಿನ ತರಬೇತಿ, ಇಲ್ಲವೇ ಸನ್ನೆ ಭಾಷೆ, ಅದೂ ಬೇಗ.

ನನ್ನ ಸೂಚನೆ: ಈ ಜೀನುಗಳನ್ನು ಅವು ಸರಿಯಿದ್ದಾಗ ಮಾಡುವ ಕೆಲಸದ ಹೆಸರಿನಿಂದಲೇ ಕರೆಯೋಣ. ‘ಕೇಳಿಸುವ ಜೀನುಗಳು’. ಕೇಳಿಸು ಎಂಬ ಕ್ರಿಯಾಪದ ಕನ್ನಡದಲ್ಲಿ ಎರಡೂ ಕಡೆ ಸಲ್ಲುತ್ತದೆ, ನನಗೆ ಕೇಳಿಸಿತು, ನಾನು ಅವನಿಗೆ ಕೇಳಿಸಿದೆನು. ಜೀನಿನ ಕೆಲಸಕ್ಕೆ ಅದು ಹೊಂದುತ್ತದೆ. ಅದು ಕೆಟ್ಟರೆ ‘ಕೇಳಿಸುವ ಜೀನಿನಲ್ಲಿ ಬದಲಾವಣೆ’.

ಬಳಗದಿಂದ ಮುಖ್ಯವಾಗಿ ಬೇಕಾದದ್ದು ಇಷ್ಟು. ‘ದುಡಿತ’ ಒಪ್ಪಿಗೆಯೇ, ವಿಜ್ಞಾನ ಕಲಿಸುವವರು ದಯವಿಟ್ಟು ಹೇಳಿ. ‘ವಾಹಕ’ಕ್ಕೆ ಬದಲಿ ಪದ, ಇದು ಎಲ್ಲಕ್ಕಿಂತ ಮೊದಲು. ‘ಕಿವಿಮಂದ’ ನಿಮ್ಮ ಊರಿನಲ್ಲಿ ಚಾಲ್ತಿಯಲ್ಲಿದೆಯೇ, ಬೈಗುಳಾಗಿ ಕೇಳುತ್ತದೆಯೇ? ಕಾರವಾರ, ಸದಾಶಿವಗಡದ ಕೊಂಕಣಿಯಲ್ಲಿ, ಭಟ್ಕಳದ ನವಾಯತಿಯಲ್ಲಿ, ಹಾಲಕ್ಕಿಗಳ ಮಾತಿನಲ್ಲಿ ಕಿವುಡಿಗೂ ಅರೆಗಿವುಡಿಗೂ ಬೇರೆ ಬೇರೆ ಪದಗಳಿದ್ದರೆ ಬಳಸುವ ವಾಕ್ಯದ ಸಮೇತ ಬರೆಯಿರಿ. ಪುಸ್ತಿಕೆಯ ಕೊನೆಗೆ ಜಿಲ್ಲೆಯ ಎಲ್ಲ ಮಾತುಗಳ ಪದಪಟ್ಟಿ ಹಾಕುವ ವಿಚಾರವಿದೆ. ತಿದ್ದಿದ ಕರಡನ್ನು ಮನೆಗಳಲ್ಲಿ ಓದಿಸಿ ನೋಡಿದ ಮೇಲೆಯೇ ಅಚ್ಚಿಗೆ ಕೊಡುತ್ತೇವೆ, ಆದ್ದರಿಂದ ತಡವಾಗಿ ಬಂದ ಸಲಹೆಯನ್ನೂ ಸೇರಿಸಲು ಅವಕಾಶವಿದೆ.

ವಂದನೆಗಳು,
ಶಿರಸಿಯಿಂದ